ಅಕ್ಕ ಹೇಳಬೇಕಾದ ಮಾತು

ಮನೋವೈದ್ಯರ ಕೋಣೆಯ ಹೊರಗೆ, ನನ್ನ ಬೆಂಚಿನಲ್ಲೇ ಅಕ್ಕ ತಂಗಿ ಕೂತಿದ್ದರು. ಪಕ್ಕದಲ್ಲಿ ಮಾತು ನಡೆದರೆ ಕಿವಿ ಮುಚ್ಚಿಕೊಳ್ಳುವುದು ನನಗೆ ಬರದ ವಿದ್ಯೆ. ಶುರು ಮಾಡಿದ್ದು ತಂಗಿ.

“ನಂಗೆ ಬಾರ್ಡರ್‌ಲೈನ್ ಪರ್ಸನಾಲಿಟಿ ಇರಬಹುದು ಅಂದ್ರು ಡಾಕ್ಟ್ರು, ಮನಸ್ಸು ಗಳಿಗೆಗೊಂದು ಥರ ಆಡೋ ಕಾಯಿಲೆಯಂತೆ. ಚಿಕ್ಕಂದಿನಿಂದ ನನ್ನ ನೋಡಿದವರು ಹೇಳಿದ್ರೆ ಖಚಿತ ಆಗತ್ತಂತೆ. ಹೋದ ಸಲ ಅಮ್ಮ ಬಂದು, ‘ಸ್ವಲ್ಪ ಮುಂಗೋಪಿ, ಅಷ್ಟೇ’ ಅಂದ್ಬಿಟ್ಲು.”

“ಅವಳಿಗೆ ಮನೆ ಮರ್ಯಾದೆ ಚಿಂತೆ. ನಾನೇನು ಹೇಳ್ಲಿ?”

“ಇದ್ದದ್ದು ಇದ್ದ ಹಾಗೆ. ನಾನು ಕೈ ಕುಯ್ಕೊಂಡಿದ್ದೂ ಸೇರಿಸಿ.”

“ನಿಂಗೆ ಬೆಳಿಗ್ಗೆ ನಾನೇ ದೇವರು, ಸಂಜೆ ನಾನೇ ಶನಿ. ಅದನ್ನೂ ಹೇಳ್ಲಾ?”

“ಹೇಳು.”

“ನನ್ನ ಬಟ್ಟೆ ಬೀದಿಗೆ ಎಸೆದು, ಆಮೇಲೆ ಬಿಟ್ಟು ಹೋಗ್ಬೇಡ ಅಂತ ಕಾಲು ಹಿಡ್ಕೊಂಡಿದ್ದು?”

“ಅದನ್ನೇ ಮೊದಲು ಹೇಳು ಮಾರಾಯ್ತಿ,” ಎಂದು ತಂಗಿ ನಕ್ಕಳು.

ಅಕ್ಕ ನಗಲಿಲ್ಲ. “ಒಂದೂ ಮುಚ್ಚಿಡಲ್ಲ ಕಣೇ. ಆದ್ರೆ ಇವತ್ತು ಇಲ್ಲಿಂದ ನಾನು ಮನೆಗೆ ಬರಲ್ಲ. ಬೇರೆ ರೂಮು ನೋಡ್ಕೊಂಡಿದೀನಿ. ನನ್ನ ಕೈಲಿ ಇನ್ನಾಗಲ್ಲ.”

ಒಳಗಿನಿಂದ ನರ್ಸ್ ಕರೆದರು.

“ಅದನ್ನೂ ಹೇಳಕ್ಕ. ನನ್ನ ಜೊತೇಲಿ ಯಾರಾದ್ರೂ ಉಳಿದಿದ್ದಾರಾ ಅಂತ ಡಾಕ್ಟ್ರು ಕೇಳೇ ಕೇಳ್ತಾರೆ.”

ಇಬ್ಬರೂ ಎದ್ದು ಒಳಗೆ ಹೋದರು.