ದಪ್ಪಕ್ಷರದ ಸಾಲು

…ಎದ್ದು ನಿಂತ್ರ ಮಾತು ಮುಗೀಲಿಲ್ಲ ಶೈಲಜಾ, ಕುಂದರು. 'ತಪ್ಪು ನಂದು' ಅಂತ ಬರದ ಕಾಗದ ಓದಿದೆಲ್ಲ? ರುಜು ಹಾಕು. ಹೊರಗ ಜೋಹರಾಬಿ ಕುಂತಾಳ, ಅಕೀ ಗಂಡ ಮದಾರಸಾಬನ ಬಲಗೈಯಾಗಿನ ಮೂರು ಬೆರಳು ಹೋಗ್ಯಾವು. ನಾವು ಮಾರಿದ ಅಕ್ಕಿ ಪಾಲಿಶ್ ಮಷೀನಿನ್ಯಾಗ! ನಾಳೆ ಇನ್ಸ್‌ಪೆಕ್ಟರ್ ಬಂದು ಮೊದಲು ಕೇಳೂದು ಮಷೀನ್ ಜೋಡಿ ಕೊಟ್ಟ ಪುಸ್ತಕ. ಅದನ್ನ ಬರದಾಕಿ ಯಾರು? ನೀನು. 'ಬೆಲ್ಟ್ ಪೂರ್ತಿ ನಿಂತ ಮೇಲೆ ಮುಚ್ಚಳ ತೆಗೆಯಿರಿ' ಅನ್ನೂ ಸಾಲು ಅದರಾಗ ಐತೇನು? ಇಲ್ಲ!

ತಲಿ ಅಲ್ಲಾಡಸಬ್ಯಾಡ. ಬರದಿದ್ದೆ ಅಂತಿ. ಹಂಗಾರ ಎಲ್ಲಿ ಹೋತು? ಇಲಿ ತಿಂತೇನು? ಅಕ್ಷರ ಕೂಡಿಸಿ ಕೂಡಿಸಿ ಪುಸ್ತಕ ಪೂರಾ ಓದಿದ್ದನಂತ ಅಂವಾ. ನಿನ್ನ ಬರಹ ನಂಬಿ ಕೈ ಹಾಕ್ಯಾನ!

ನಾ ಹೇಳ್ತೀನಿ ಕೇಳು, ಆ ಸಾಲು ನಿನ್ನ ಫೈಲು ನುಂಗೇತಿ. ಮಂದೆಲ್ಲಾ ವರ್ಡಿನ್ಯಾಗ ಬರೀತಾರ. ನೀ ಶ್ಯಾಣ್ಯಾಕಿ! 'ಮಾರ್ಕ್‌ಡೌನ್ ಅಂತ ಐತ್ರಿ ಕಾಕಾ, ಬರೇ ಅಕ್ಷರ, ಎಂಥಾ ಹಳೇ ಕಂಪ್ಯೂಟರಿನ್ಯಾಗೂ ತೆರೀತೈತಿ, ಕನ್ನಡಕ್ಕೂ ಅದ, ತೆಲುಗಿಗೂ ಅದ, ಅದರಿಂದನ ಪುಸ್ತಕ, ಅದರಿಂದನ ಫೋನಿನ್ಯಾಗ ಓದೂದು' ಅಂದಿ. ಸಾಲಿನ ಮುಂದ ಹ್ಯಾಶ್ ಹಾಕಿದ್ರ ಅಚ್ಚಿನ್ಯಾಗ ತಲಿಬರಹ ಆಗ್ತೈತಿ ಅಂದದ್ದಷ್ಟ ನಾ ಕೇಳಿದ್ದು. ಅಷ್ಟರಾಗ ಫೋನ್ ಬಂತು, ಎದ್ದು ಹೋದೆ. ಮುಂದಿಂದು ನನಗ ಗೊತ್ತಿಲ್ಲ. ಆ ಫೈಲು ಇವತ್ತಿಗೂ ನಾ ತೆರದು ನೋಡಿಲ್ಲ… ಯಾಕ ನಗ್ತಿ? ಗಂಗಾವತಿ ಪ್ಯಾಟ್ಯಾಗ ಮೂವತ್ತು ವರ್ಷ ಮಷೀನ್ ಮಾರಿದಾಂವ ನಾನು, ಕಳಕಪ್ಪ. ಹ್ಯಾಶ್ ಹಾಕಿ ಮಾರಿಲ್ಲ, ಮಾತಾಡಿ ಮಾರೀನಿ!

ಮಾತಂದ್ರ ನೆನಪಾತು. ಸ್ಯಾಂಪಲ್ ಪುಸ್ತಕ ಒಯ್ದು ಶರಣಬಸಪ್ಪನ ಮಿಲ್ಲಿನ್ಯಾಗ ಕೊಟ್ಟಾಗ ಏನಾತು? ಮಷೀನಿಗೆ ಪೂಜಿ, ಪುಸ್ತಕಕ್ಕೂ ಕುಂಕುಮ. ಮೊದಲ ಹಾಳಿ ಹಿರೇರು ಗಟ್ಟಿಯಾಗಿ ಓದೂದು ಅವರ ಮನಿ ಪದ್ಧತಿ. ಓದಿದ್ರು… 'ಬೆಲ್ಟ್ ಪೂರ್ತಿ ನಿಂತ ಮೇಲೆ ಮುಚ್ಚಳ ತೆಗೆಯಿರಿ, ಇಲ್ಲವಾದರೆ ಕೈ ತುಂಡಾದೀತು!' ಅವರವ್ವ ಹಂಪವ್ವ ಆರತಿ ತಟ್ಟಿ ಅಲ್ಲೇ ಇಟ್ಟು ಎದ್ದು ಹೋದಳು. ಶುಭ ಕಾರ್ಯದಾಗ ಇದೇನು ನುಡಿ ಅಂತ! ಸಂಜಿಕ್ಕ ಮಷೀನ್ ತಿರುಗಿ ನಮ್ಮ ಅಂಗಡಿ ಮುಂದ. ಸುತ್ತಲಿನ ಹತ್ತು ಮಿಲ್ಲಿನವರು ಕೇಳಿ ನಕ್ರು. ಆವಾಗ ನಾ ನಿನಗ ಒಂದು ಮಾತಂದೆನೇನು? ಇಲ್ಲ. ಹೊಟ್ಟ್ಯಾಗ ಹಾಕ್ಕೊಂಡೆ.

ಎರಡನೇ ಸಲ ಅಚ್ಚು ಹಾಕಿದ ಪುಸ್ತಕದಾಗ ಆ ಸಾಲೇ ಇಲ್ಲ! ತನ್ನಿಂದ ತಾನ ಹೋಗ್ತೈತೇನು ಅಂತ ನನ್ನ ಕೇಳ್ತಿ? ನಾ ನಿನ್ನ ಕೇಳಬೇಕು. ಅಚ್ಚಿಗೆ ಕಳಸೂ ಮುಂದ ಕಣ್ಣು ಎಲ್ಲಿಟ್ಟಿದ್ದಿ? ಸಣ್ಣ ಸಾಲಾ ಅದು? ಮ್ಯಾಲಿಂದ ಮೂರನೇದು, ಆಚಿ ಎರಡು ಸ್ಟಾರ್, ಈಚಿ ಎರಡು ಸ್ಟಾರ್, ಕುರುಡಗೂ ಕಾಣ್ತಿತ್ತು! ಅಂಥಾದ್ದು ಬಿಟ್ಟು ಹೋದ್ರೂ…

ಸ್ಟಾರ್ ಎಲ್ಲಿ ನೋಡಿದ್ರಿ ಅಂತಿ?

…ಸ್ಯಾಂಪಲ್ಲಿನ್ಯಾಗ ನೋಡಿದ್ದೆ ನಾ. ಶರಣಬಸಪ್ಪನ ಕೈಯಾಗಿಂದು ಇಸಕೊಂಡು ನೋಡಿದ್ದೆ. ಅದರಾಗ ಸ್ಟಾರ್… ಹೌದು, ಅದರಾಗ ದಪ್ಪಕ್ಷರ. ಸ್ಟಾರ್ ಅಚ್ಚಿಗೆ ಬರೂದಿಲ್ಲ, ಫೈಲಿನ್ಯಾಗಷ್ಟ ಇರ್ತಾವ, ಅಷ್ಟು ಗೊತ್ತಾಗೂದಿಲ್ಲೇನು ನನಗ…

ಯಾರೋ ಹೇಳಿರಬೇಕು. ಅಚ್ಚು ಹಾಕೂ ಕೊಟ್ರೇಶ ಹೇಳಿದ್ದ. ಹೂಂ, ಕೊಟ್ರೇಶನ… ಹಂಗ ನೋಡಬ್ಯಾಡ.

ನೋಡು ತಂಗಿ, ಬೆಲ್ಟ್ ನಿಲ್ಲಿಸಿ ಕೈ ಹಾಕಬೇಕಂತ ಲೋಕಕ್ಕ ಗೊತ್ತೈತಿ. ಅದನ್ನ ಪುಸ್ತಕ ಹೇಳಬೇಕೇನು? ಒಂದ ಸಾಲು. ಪೂಜಿ ಹೊತ್ತಿನ್ಯಾಗ ಗಿರಾಕಿ ಎದಿ ಝಲ್ ಅನ್ನಬಾರದಂತ… ಮದಾರಸಾಬ ಕೆಲಸಕ್ಕ ಹೊಸಬ ಅಂತ ನನಗೇನು ಕನಸು ಬಿದ್ದಿತ್ತೇನು? ಅಂವಾ ಪೂರಾ ಓದ್ತಾನಂತ ಯಾರಿಗೆ ಗೊತ್ತು! ಪುಸ್ತಕ ಯಾರು ಓದ್ತಾರ?

ಬೈಯರ ಬೈ… ಬಾಗಿಲಾ ಯಾಕ ತಗೀತಿ? ಜೋಹರಾಬಿನ್ನ ಯಾಕ ಒಳಗ ಕರೀತಿ? ಬ್ಯಾಡ, ಅಕೀ ಮುಂದ ಬ್ಯಾಡ…

ಶೈಲಜಾ, ಆ ಪೆನ್ನು ನನ್ನ ಕಡೆ ಯಾಕ ಸರಸ್ತಿ?