ಗಾಳಿಗುಳ್ಳೆಗೆ ಪೂರ್ತಿ ಅಂಕ

"ಹಲೋ... ಯಾರು ಮಾತಾಡ್ತಿರೋದು? ಸ್ವಲ್ಪ ಜೋರಾಗಿ ಹೇಳಿ, ಲ್ಯಾಬಿನ ಫ್ರಿಜ್ಜು ಗುರ್ ಅಂತಿದೆ... ಓ, ಸರ್, ನೀವಾ? ಹೇಳಿ ಸರ್."

ವಿಭಾಗದ ಮುಖ್ಯಸ್ಥರು. ವರ್ಷವರ್ಷವೂ ನೇಮಕಾತಿ ಆದೇಶಕ್ಕೆ ಅವರ ಸಹಿಗಾಗಿ ಕಾಯುವ ತಾತ್ಕಾಲಿಕ ಉಪನ್ಯಾಸಕಿ ತನಗರಿವಿಲ್ಲದೆಯೇ ಸ್ಟೂಲಿನಿಂದ ಎದ್ದು ನಿಂತಳು.

"... ಹೌದು ಸರ್, ಆ ಉತ್ತರಪತ್ರಿಕೆ ನೋಡಿದ್ದು ನಾನೇ. ಪ್ರಶ್ನೆಯಲ್ಲಿದ್ದ ಚಿತ್ರ ನಿಮ್ಮದೇ, ಜೀವಕೋಶ ಒಡೆದು ಎರಡಾಗೋ ಫೋಟೋ... ಹಾಂ, ನಿಮಗೆ ಡಾಕ್ಟರೇಟ್ ತಂದುಕೊಟ್ಟಿದ್ದು. ಕಟ್ಟು ಹಾಕಿಸಿ ಕೋಣೆಯಲ್ಲಿ ತೂಗುಹಾಕಿದೀರಲ್ಲ, ಗೊತ್ತು ಸರ್."

"... ಉಳಿದವರಾ? ಪುಟಗಟ್ಟಲೆ ಬರೆದಿದಾರೆ. ವರ್ಣತಂತು ಇಲ್ಲಿ, ಪ್ರೋಟೀನ್ ಎಳೆ ಅಲ್ಲಿ ಅಂತ ಬಾಣ ಎಳೆದಿದಾರೆ. ಈ ಹುಡುಗಿದು ಮಾತ್ರ ಒಂದೇ ಸಾಲು. ‘ಇದು ಕೋಶ ಅಲ್ಲ, ಎರಡು ಗಾಳಿಗುಳ್ಳೆ’... ಅಧಿಕಪ್ರಸಂಗ ಅಂತೀರಾ? ನನಗೂ ಮೊದಲು ಹಾಗೇ ಅನ್ನಿಸ್ತು."

ಅನ್ನಿಸಿದ್ದು ನಿಜ. ಸೊನ್ನೆ ಹಾಕಲು ಪೆನ್ನನ್ನೂ ಎತ್ತಿದ್ದಳು. ಹಾಕಿದರೆ ಹುಡುಗಿ ನಪಾಸು. ಯಾಕೋ ಮನಸ್ಸು ತಡೆಯದೆ, ಆ ಫೋಟೋ ತೆಗೆದಿದ್ದ ಹಳೆಯ ಗಾಜಿನ ಸ್ಲೈಡನ್ನು ಬೀರುವಿನಿಂದ ಹುಡುಕಿ ತೆಗೆದು ಸೂಕ್ಷ್ಮದರ್ಶಕದ ಕೆಳಗಿಟ್ಟಿದ್ದಳು.

"... ಏನು ಕಾಣ್ತು ಅಂದ್ರೆ... ದಪ್ಪ ಕಪ್ಪು ಅಂಚು ಸರ್, ಒಳಗೆಲ್ಲ ಬಟಾಬಯಲು. ಪಕ್ಕದಲ್ಲಿ ಅಂಥವೇ ಇನ್ನೂ ಇದ್ವು. ಸ್ಲೈಡಿನ ಅಂಟಲ್ಲಿ ಸಿಕ್ಕಿಕೊಂಡ ಗಾಳಿ, ಅಷ್ಟೇ."

ಹೇಳಿಯೇಬಿಟ್ಟಿದ್ದಳು. ಕೆಲಸ ಹೋಯಿತೆಂದೇ ಲೆಕ್ಕ ಹಾಕಿದಳು.

"... ಹಲೋ? ಇದೀರಾ ಸರ್?... ಯಾರ್ಯಾರಿಗೆ ಗೊತ್ತು ಅಂದ್ರೆ... ಬೆಳಿಗ್ಗೆ ಇಡೀ ತರಗತಿಗೇ ತೋರಿಸಿಬಿಟ್ಟೆ. ಗಾಬರಿ ಬೇಡ ಸರ್. ಒಬ್ಬೊಬ್ಬರಾಗಿ ಬಗ್ಗಿ ನೋಡಿದ್ರು. ಕೋಶ ವಿಭಜನೆ ಎಷ್ಟು ಸ್ಪಷ್ಟವಾಗಿದೆ ಮೇಡಂ ಅಂದ್ರು... ಹಾಂ, ಎಲ್ಲರೂ. ಆ ಹುಡುಗಿ ಒಬ್ಬಳನ್ನ ಬಿಟ್ಟು."

ಇಷ್ಟು ವರ್ಷ ತಾನು ಕಲಿಸಿದ್ದು ನೋಡುವುದನ್ನೋ ನಂಬುವುದನ್ನೋ ಎಂದು ಅವಳಿಗೆ ಆಗ ನಗಬೇಕೋ ಅಳಬೇಕೋ ತಿಳಿದಿರಲಿಲ್ಲ.

"... ನನ್ನ ಆದೇಶಕ್ಕೆ ಸಹಿ ಆಯ್ತಾ? ಈಗಲೇ? ದೊಡ್ಡ ಉಪಕಾರ ಆಯ್ತು ಸರ್... ಅವಳಿಗೆ ಸೊನ್ನೆನಾ? ಅದಿನ್ನು ಆಗಲ್ಲ. ಅಂಕ ಮಧ್ಯಾಹ್ನವೇ ಪರೀಕ್ಷಾ ವಿಭಾಗಕ್ಕೆ ಹೋಯ್ತು, ಪೂರ್ತಿ ಅಂಕ ಹಾಕಿದೀನಿ... ಪುರಾವೆನಾ? ಸ್ಲೈಡನ್ನೂ ಜೊತೇಲೇ ಕಳಿಸಿದೀನಲ್ಲ ಸರ್... ಸರ್? ಕೇಳಿಸ್ತಿದೆಯಾ?... ಹಲೋ..."