ಹನ್ನೊಂದೂವರೆ ಎಂಬ ತಪ್ಪು ಉತ್ತರ

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿರುವ ಹಿರಿಯರೇ, ಕೊನೆಯ ಸಾಲಿನಲ್ಲಿ ನನ್ನ ಒಂದು ವರ್ಷದ ಮಗಳನ್ನು ಸುಮ್ಮನಿರಿಸಲು ಹೆಣಗುತ್ತಿರುವ ಅತ್ತೆಯವರೇ, ಮತ್ತು ಸಭಿಕರೇ,

ಪಾಠ ಹೇಳುವುದನ್ನೇ ಕಸುಬು ಮಾಡಿಕೊಂಡ ನಮ್ಮ ವಿಶ್ವವಿದ್ಯಾಲಯದಲ್ಲಿ ಪದವಿ ವಿದ್ಯಾರ್ಥಿಗಳ ಸಂಶೋಧನಾ ಕೂಟ ಕಟ್ಟಿದೆನೆಂದು ನನಗೆ ಈ ಸನ್ಮಾನ. ಸ್ವೀಕರಿಸುವ ಮುಂಚೆ ಒಂದು ಮಾತು ಹೇಳಬೇಕು.

ನಮ್ಮ ರಸಾಯನಶಾಸ್ತ್ರ ಪ್ರಯೋಗಾಲಯದಲ್ಲಿ ಸಂಶೋಧನೆ ಎಲ್ಲಿತ್ತು? ನಲ್ಲಿ ನೀರಿನ ಗಡಸುತನ ಅಳೆಯುವ ಪ್ರಯೋಗಕ್ಕೆ ಉತ್ತರ ಎಂಟೂವರೆ ಡಿಗ್ರಿ. ನಾನು ಇಲ್ಲಿ ಓದುವಾಗಲೂ ಎಂಟೂವರೆ, ಕಲಿಸುವಾಗಲೂ ಎಂಟೂವರೆ. ಮಕ್ಕಳು ಹಿಂದಿನ ವರ್ಷದವರ ರೆಕಾರ್ಡ್ ಪುಸ್ತಕದಿಂದ ಉತ್ತರ ಇಳಿಸಿಕೊಂಡು, ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಿ ಅಳತೆ ತುಂಬುತ್ತಿದ್ದರು. ಇದಕ್ಕೆ ‘ಅಡ್ಜಸ್ಟ್ ಮಾಡುವುದು’ ಎಂದು ಹೆಸರು. ಪಠ್ಯಕ್ರಮದಲ್ಲಿಲ್ಲದಿದ್ದರೂ ಎಲ್ಲರೂ ಪಾಸಾಗುತ್ತಿದ್ದ ವಿಷಯ ಅದೊಂದೇ.

ಎಂಟು ತಿಂಗಳ ಹಿಂದೆ ಒಬ್ಬ ಹುಡುಗಿಗೆ ಹನ್ನೊಂದೂವರೆ ಬಂತು. ಮತ್ತೆ ಮಾಡಿದಳು, ಹನ್ನೊಂದೂವರೆ. ಮೂರನೇ ಸಲವೂ ಅದೇ. ನನಗೆ ನಿದ್ದೆಯಿಲ್ಲದೆ ಕಣ್ಣು ಉರಿಯುತ್ತಿತ್ತು, ಮಗುವಿಗೆ ಹಾಲೂಡಿಸುವ ಹೊತ್ತು ಮೀರಿತ್ತು, ಚೀಲ ಆಗಲೇ ಹೆಗಲೇರಿತ್ತು.

“ಮೇಡಂ, ನೀರೇ ಬೇರೆ ಆಗಿರಬಹುದಲ್ವಾ?” ಎಂದಳು.

“ನೀರು ನೀರೇ ಕಣಮ್ಮ. ನಿನ್ನ ಕೈ ಸರಿಯಿಲ್ಲ. ಎಂಟೂವರೆ ಅಂತ ಬರ್ದು ಮುಗಿಸು.”

ಬರೆದಳು. ನಾನು ಸಹಿ ಹಾಕಿದೆ.

ಅದೇ ವಾರ ನನ್ನ ಮಗುವಿನ ತೂಕ ಕಡಿಮೆ ಬಂದಾಗ, ಯಂತ್ರವೇ ಕೆಟ್ಟಿದೆ ಎಂದು ನರ್ಸನ್ನು ಪೀಡಿಸಿ ಮೂರು ಸಲ ತೂಗಿಸಿದ್ದೆ. ಸ್ವಂತ ಮಗಳಾದರೆ ಯಂತ್ರದ ಮೇಲೆ ಅನುಮಾನ, ಇನ್ನೊಬ್ಬರ ಮಗಳಾದರೆ ಅವಳ ಕೈ ಮೇಲೆ. ಇದನ್ನು ಹೇಳಬೇಕೆಂದುಕೊಂಡಿರಲಿಲ್ಲ, ಇರಲಿ.

ತಿಂಗಳ ನಂತರ ಪ್ರಯೋಗಾಲಯದ ಸಹಾಯಕರು ಮಾತಿನ ನಡುವೆ, ಈ ಕಟ್ಟಡಕ್ಕೆ ಹೊಸ ಕೊಳವೆಬಾವಿಯ ನೀರು ಬಿಟ್ಟು ಬಹಳ ದಿನವಾಯಿತಲ್ಲ ಎಂದರು. ಅಂದು ನಾನೇ ಅಳೆದೆ. ಹನ್ನೊಂದೂವರೆ. ಇಡೀ ತರಗತಿಯಲ್ಲಿ ನಿಜವಾಗಿ ಅಳೆದವಳು ಅವಳೊಬ್ಬಳೇ.

ಈ ಕೂಟ ಹುಟ್ಟಿದ್ದು ಆ ನಾಚಿಕೆಯಿಂದ. ಸದಸ್ಯತ್ವದ ಮೊದಲ ಅರ್ಜಿ ಹಿಡಿದು ಅವಳ ಬಳಿಗೇ ಹೋದೆ, ತಪ್ಪಾಯಿತೆಂದೆ. ಅವಳು ನಕ್ಕಳು.

“ಪರವಾಗಿಲ್ಲ ಮೇಡಂ. ಆದ್ರೆ ಸಂಶೋಧನೆ ನಂಗೆ ಬೇಡ. ಈಗ ಏನು ಅಳೆದ್ರೂ ಮೊದ್ಲು ಪಕ್ಕದವರದ್ದು ನೋಡ್ತೀನಿ.”

ಕೂಟದಲ್ಲಿ ಇಂದು ನಲವತ್ತು ಮಂದಿ ಇದ್ದಾರೆ. ಅವಳಿಲ್ಲ. ಯಾವ ಸನ್ಮಾನ ಈ ಕೊರತೆಯನ್ನು ತುಂಬೀತು?

ವಿದ್ಯಾರ್ಥಿಗಳೇ, ನಿಮ್ಮ ಅಳತೆ ನಮ್ಮ ಉತ್ತರಕ್ಕೆ ಹೊಂದದಿದ್ದರೆ ಬಾಗಿಲಿಗೆ ಅಡ್ಡ ನಿಲ್ಲಿ. ನಾವು ಮನೆಗೆ ಹೊರಟಿದ್ದರೂ ಸರಿ, ಗದರಿದರೂ ಸರಿ, ಒಂದು ಸಲ ನಮ್ಮ ಕೈಯಲ್ಲೇ ಅಳೆಸಿ.

ಇಷ್ಟು ಹೊತ್ತು ಕೇಳಿಸಿಕೊಂಡಿರಿ, ನಿಮಗೆ ಋಣಿ. ನಮಸ್ಕಾರ.